ಬಂದರು ಶ್ರೀ ಭಗವಾನ್: ಬ್ರೂನೈಗೆ ಹೋಗಿ ಬಂದ ಮೇಲೆ

1/7

"ಅದು ಎಲ್ಲಿ ಬರುತ್ತೆ?"

ಸ್ಟೋರಿ ಹಾಕಿದಾಗಿನಿಂದ ಬಂದ ರಿಪ್ಲೈಗಳಲ್ಲಿ ಅರ್ಧ ಇದೇ ಪ್ರಶ್ನೆ. ಉಳಿದದ್ದರಲ್ಲಿ ಮೂರು ಥರ. ಒಂದು: "ಅಲ್ಲಿ ಟ್ಯಾಕ್ಸೇ ಇಲ್ಲವಂತೆ, ರಾಜನ ಅರಮನೆಯಲ್ಲಿ ಸಾವಿರಗಟ್ಟಲೆ ರೂಮಂತೆ, ನಿಜನಾ?" ಎರಡು: "ಅಲ್ಲಿ ಕೈ ಕಡೀತಾರಂತೆ, ಭಯ ಆಗ್ಲಿಲ್ವಾ?" ಮೂರು: "ಅಷ್ಟು ಚೆನ್ನಾಗಿದ್ರೆ ಅಲ್ಲೇ ಇದ್ಬಿಡಬೇಕಿತ್ತು." ಮೂರನೆಯವರಿಗೂ ಉತ್ತರ ಇದೆ, ಸ್ವಲ್ಪ ತಾಳಿ. ಕ್ಯಾಪ್ಶನ್ ಮಿತಿ ಇರೋದ್ರಿಂದ ಏಳು ಪೋಸ್ಟ್ ಮಾಡ್ತಿದ್ದೀನಿ. ಓದೋರು ಓದಿ, ಇಲ್ಲದವರು ಫೋಟೋ ನೋಡಿ ಲೈಕ್ ಒತ್ತಿ ಹೋಗಿ, ಬೇಜಾರಿಲ್ಲ.

ಬ್ರೂನೈ ಇರೋದು ಬೋರ್ನಿಯೊ ದ್ವೀಪದ ಉತ್ತರ ದಡದಲ್ಲಿ. ಮುಂದೆ ದಕ್ಷಿಣ ಚೀನಾ ಸಮುದ್ರ, ಉಳಿದ ಕಡೆ ಮಲೇಶಿಯಾದ ಸರವಾಕ್. ಅದೂ ಒಂದೇ ತುಂಡಲ್ಲ, ನಡುವೆ ಲಿಂಬಾಂಗ್ ಅನ್ನೋ ಮಲೇಶಿಯಾದ ಭಾಗ ನುಗ್ಗಿ ದೇಶವನ್ನ ಎರಡು ಹೋಳು ಮಾಡಿದೆ. ವಿಸ್ತೀರ್ಣ 5,765 ಚದರ ಕಿಲೋಮೀಟರ್. ಹರಪನಹಳ್ಳಿ ನಮ್ಮ ಜೊತೆ ಇದ್ದಾಗ ದಾವಣಗೆರೆ ಜಿಲ್ಲೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಜನ ಸುಮಾರು ನಾಲ್ಕೂವರೆ ಲಕ್ಷ. 2011ರ ಜನಗಣತಿಯಲ್ಲಿ ದಾವಣಗೆರೆ ನಗರ ಒಂದರಲ್ಲೇ 4.35 ಲಕ್ಷ ಇದ್ದರು. ಅಂದ್ರೆ ನಮ್ಮೂರಿನಷ್ಟು ಜನಕ್ಕೆ ಒಂದು ದೇಶ, ಒಂದು ಧ್ವಜ, ಒಬ್ಬ ಸುಲ್ತಾನ.

ನಾನು ಟೂರಿಗೆ ಹೋಗಿದ್ದಲ್ಲ. ಆಪಾಗೆ ಎರಡನೇ ಹೆರಿಗೆ ಆಗಿತ್ತು, ಅಮ್ಮಿ ಬಾಣಂತನಕ್ಕೆ ಹೊರಟಿದ್ರು, ಫಾರ್ಮ್ ತುಂಬೋಕೆ, ಏರ್‌ಪೋರ್ಟಲ್ಲಿ ಇಂಗ್ಲಿಷ್ ಮಾತಾಡೋಕೆ ಒಬ್ಬರು ಬೇಕಿತ್ತು. ನನ್ನದು ನಾಲ್ಕನೇ ಸೆಮ್ ಮುಗಿದು ರಜೆ. ದುಲ್ಹೆಭಾಯಿ ಸೆರಿಯಾ ಅನ್ನೋ ಊರಲ್ಲಿ, ಎಣ್ಣೆ ಕಂಪನಿಗಳಿಗೆ ಪೈಪ್ ಕೆಲಸ ಮಾಡುವ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಕೆಲಸ ಮಾಡ್ತಾರೆ. ಹನ್ನೆರಡು ದಿನ ಇದ್ದೆ. ಸೂಟ್‌ಕೇಸಲ್ಲಿ ನನ್ನ ಬಟ್ಟೆಗಿಂತ ಅಂಟಿನುಂಡೆ ಮತ್ತು ಜೋಳದ ಹಿಟ್ಟೇ ಜಾಸ್ತಿ ಇತ್ತು.

2/7

ಮೊದಲ ಫೋಟೋದಲ್ಲಿರೋ ಬೋರ್ಡ್ ಝೂಮ್ ಮಾಡಿ ನೋಡಿ. ಮೇಲೆ ಅರಬ್ಬಿ ಥರ ಕಾಣೋದು ಅರಬ್ಬಿ ಭಾಷೆ ಅಲ್ಲ, ಅರಬ್ಬಿ ಅಕ್ಷರದಲ್ಲಿ ಬರೆದ ಮಲಯ್. ಅದಕ್ಕೆ ಜಾವಿ ಅಂತಾರೆ. ಅಂಗಡಿ ಬೋರ್ಡುಗಳಲ್ಲಿ ಜಾವಿ ಇರಲೇಬೇಕು, ಮೇಲ್ಗಡೆ ಇರಬೇಕು. ನಮ್ಮಲ್ಲಿ 60% ಕನ್ನಡ ಬೋರ್ಡಿಗೆ ಎಷ್ಟು ಗಲಾಟೆ ಆಯ್ತು, ಅಲ್ಲಿ ಚೀನೀ ಹಾರ್ಡ್‌ವೇರ್ ಅಂಗಡಿಯವರೂ ತೆಪ್ಪಗೆ ಬರೆಸಿದ್ದಾರೆ.

ಈಗ ರಾಜಧಾನಿಯ ಹೆಸರು. ಬಂದಾರ್ ಸೆರಿ ಬೆಗಾವಾನ್. ಒಂದು ಸಲ ಜೋರಾಗಿ ಹೇಳಿ.

ಬಂದಾರ್ ಅಂದ್ರೆ ಬಂದರು. ನಾವು ಮಂಗಳೂರಿಗೆ, ಕಾರವಾರಕ್ಕೆ ಹೇಳೋ ಅದೇ ಬಂದರು, ಪಾರಸಿಯಿಂದ ಇಬ್ಬರಿಗೂ ಬಂದಿದ್ದು. ಸೆರಿ ಅಂದ್ರೆ ಶ್ರೀ. ಬೆಗಾವಾನ್ ಅಂದ್ರೆ ಭಗವಾನ್. 1967ರಲ್ಲಿ ಸುಲ್ತಾನ್ ಒಮರ್ ಅಲಿ ಸೈಫುದ್ದೀನ್ ಮಗನಿಗೆ ಪಟ್ಟ ಬಿಟ್ಟುಕೊಟ್ಟ ಮೇಲೆ ಇಟ್ಟುಕೊಂಡ ಬಿರುದು ಇದು, 1970ರಲ್ಲಿ ಊರಿಗೂ ಅದನ್ನೇ ಇಟ್ಟರು. ಷರಿಯಾ ಕಾನೂನಿರುವ ಇಸ್ಲಾಮೀ ಸುಲ್ತಾನಗಿರಿಯ ರಾಜಧಾನಿ ಹೆಸರು ಶ್ರೀ ಭಗವಾನ್. ಯಾರೂ ಅದನ್ನ ಬದಲಾಯಿಸಬೇಕು ಅಂತ ಹೊರಟಿಲ್ಲ. ನಮ್ಮ ಕಡೆ ಊರ ಹೆಸರುಗಳ ಹಣೆಬರಹ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಇಷ್ಟಕ್ಕೇ ನಿಲ್ಲಲ್ಲ. ರಂಜಾನ್ ಉಪವಾಸಕ್ಕೆ ಅವರು ಹೇಳೋದು ಪುಆಸ, ಅಂದ್ರೆ ಉಪವಾಸವೇ. ಧರ್ಮಕ್ಕೆ ಆಗಮ. ಸ್ವರ್ಗಕ್ಕೆ ಶುರ್ಗ. ಟೀಚರ್‌ಗೆ ಗುರು. ದೇಶಕ್ಕೆ ನೆಗಾರ, ಅಂದ್ರೆ ನಗರ. ಪಾಪಕ್ಕೆ ದೋಸ! ಬೆಣ್ಣೆ ದೋಸೆ ಊರಿನ ಹುಡುಗಿಗೆ ಈ ಕೊನೆಯದು ಮಾತ್ರ ಸ್ವಲ್ಪ ಕಷ್ಟ ಆಯ್ತು. ಪಕ್ಕದ ಮನೆಯವರಿಗೆ "ನಮ್ಮೂರು ದೋಸೆಗೆ ಫೇಮಸ್" ಅಂತ ಹೇಳಿದ್ದೆ. ಅವರು ಮರ್ಯಾದೆಗೆ ನಕ್ಕರು.

ಐದನೇ ಫೋಟೋ ಕಂಪೊಂಗ್ ಆಯರ್, ನೀರಿನ ಮೇಲಿನ ಊರು. ನದಿಯೊಳಗೆ ಕಂಬ ನೆಟ್ಟು ಅದರ ಮೇಲೆ ಮನೆ, ಶಾಲೆ, ಮಸೀದಿ, ಪೊಲೀಸ್ ಠಾಣೆ, ಫೈರ್ ಸ್ಟೇಷನ್, ದೋಣಿಗೆ ಪೆಟ್ರೋಲ್ ಬಂಕ್ ಕೂಡ. ಓಡಾಡೋಕೆ ಹಲಗೆ ದಾರಿ, ದಾಟೋಕೆ ಒಂದು ಡಾಲರ್ ದೋಣಿ. 1521ರಲ್ಲಿ ಮೆಗೆಲನ್‌ನ ಹಡಗುಗಳ ಜೊತೆ ಬಂದ ಪಿಗಾಫೆಟ್ಟಾ ಅನ್ನೋ ಇಟಲಿಯವನು ಈ ನೀರಿನ ಊರನ್ನ ನೋಡಿ ಬರೆದಿಟ್ಟಿದ್ದಾನೆ. ಹಲಗೆ ಸಂದಿಯಲ್ಲಿ ಕೆಳಗೆ ನೀರು ಕಾಣುತ್ತೆ. ಅಮ್ಮಿ ಅರ್ಧ ದಾರಿಗೆ ಕೂತುಬಿಟ್ರು.

3/7

ಈಗ ನಿಜವಾಗಿ ಹೇಳಬೇಕು ಅಂತಿದ್ದ ವಿಷಯ.

2024ರ ನವೆಂಬರ್‌ನಿಂದ ಚೆನ್ನೈನಿಂದ ಬ್ರೂನೈಗೆ ನೇರ ವಿಮಾನ ಇದೆ. ಹೊರಡೋ ಮುಂಚೆ ವಿಮಾನದ ಸ್ಪೀಕರಲ್ಲಿ ಪ್ರಯಾಣದ ದುವಾ ಹಾಕಿದ್ರು. ಮನೆಯಿಂದ ಹೊರಡುವಾಗ ಅಮ್ಮಿ ಬಾಯಲ್ಲೇ ಗೊಣಗಿಕೊಳ್ಳೋ ದುವಾ, ವಿಮಾನ ಕಂಪನಿಯೇ ಜೋರಾಗಿ ಹೇಳ್ತಿತ್ತು. ಅಮ್ಮಿ ನನ್ನ ಕಡೆ ತಿರುಗಿದ್ರು, ಏನೂ ಹೇಳಲಿಲ್ಲ.

ನಾನು ಹುಟ್ಟಿದಾಗಿನಿಂದ ಮೈನಾರಿಟಿ. ಇದು ಗೋಳಲ್ಲ, ಅಡ್ರೆಸ್ ಪ್ರೂಫ್ ಥರ ಒಂದು ಮಾಹಿತಿ. ಇಪ್ಪತ್ತು ವರ್ಷಕ್ಕೆ ಮೊದಲ ಸಲ, ಹನ್ನೆರಡು ದಿನ, ನಾನು ಮೆಜಾರಿಟಿ ಆಗಿದ್ದೆ. ಅದು ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ (ಮತ್ತು ಯಾವಾಗಲೂ ಹಾಗೇ ಇರೋದ್ರಿಂದ ಗೊತ್ತೇ ಆಗದವರಿಗೆ) ಹೇಳ್ತೀನಿ.

ಗಾಡೊಂಗ್ ಅಂತ ರಾತ್ರಿ ಮಾರ್ಕೆಟ್ ಇದೆ. ಒಂದು ಡಾಲರಿಗೆ ನಾಸಿ ಕಟೋಕ್ ಸಿಗುತ್ತೆ: ಅನ್ನ, ಕರಿದ ಚಿಕನ್ ತುಂಡು, ಖಾರದ ಸಾಂಬಾಲ್. ನಮ್ಮ ದುಡ್ಡಲ್ಲಿ 65-70 ರೂಪಾಯಿ. "ಹಲಾಲಾ?" ಅಂತ ಕೇಳೋ ಕೆಲಸವೇ ಇಲ್ಲ. ಕೇಳೋದು ತಪ್ಪಿದ ಮೇಲೇನೇ ದಿನಕ್ಕೆ ಎಷ್ಟು ಸಲ ಕೇಳ್ತಿದ್ದೆ ಅಂತ ಗೊತ್ತಾಗೋದು. ಮಾಲ್‌ನಲ್ಲಿ ಟಾಯ್ಲೆಟ್ ಬೋರ್ಡ್ ಪಕ್ಕದಲ್ಲೇ ನಮಾಜ್ ರೂಮಿನ ಬೋರ್ಡ್, ಹೆಂಗಸರಿಗೆ ಬೇರೆ, ಒಳಗೆ ಒಗೆದಿಟ್ಟ ಬಿಳಿ ಬಟ್ಟೆ. ಶುಕ್ರವಾರ 12ರಿಂದ 2ರವರೆಗೆ ಊರಿಗೆ ಊರೇ ಬಂದ್. ಸರ್ಕಾರಿ ರಜೆ ಶುಕ್ರವಾರ ಮತ್ತು ಭಾನುವಾರ, ಮಧ್ಯದ ಶನಿವಾರ ಆಫೀಸು. (ಇದನ್ನ ಯಾರು ಪ್ಲಾನ್ ಮಾಡಿದ್ರೋ, ಎರಡು ದಿನ ಒಟ್ಟಿಗೆ ಊರಿಗೆ ಹೋಗೋ ಹಾಗೇ ಇಲ್ಲ.)

ಎಲ್ಲಕ್ಕಿಂತ ಹೆಸರು. ಬೆಂಗಳೂರಲ್ಲಿ ಇಂಟರ್ನ್‌ಶಿಪ್‌ಗೆ ಹೋದ ನನ್ನ ಫ್ರೆಂಡಿಗೆ ಮೂರು ಪಿಜಿಯವರು ಫೋನಲ್ಲಿ "ರೂಮ್ ಇದೆ ಬನ್ನಿ" ಅಂದು, ಹೆಸರು ಕೇಳಿದ ಮೇಲೆ "ಈಗಷ್ಟೇ ಫುಲ್ ಆಯ್ತು" ಅಂದಿದ್ದಾರೆ. ನಾವೆಲ್ಲ ಹೆಸರು ಹೇಳೋ ಮುಂಚೆ ಅರ್ಧ ಸೆಕೆಂಡ್ ನಿಲ್ತೀವಿ, ಗಮನಿಸಿ ನೋಡಿ. ಬ್ರೂನೈಯಲ್ಲಿ ಆ ಅರ್ಧ ಸೆಕೆಂಡ್ ಇರಲಿಲ್ಲ. ಹನ್ನೆರಡು ದಿನ ನನ್ನ ಹೆಸರು ಬರೀ ಹೆಸರಾಗಿತ್ತು.

ಇದು ದೊಡ್ಡ ಸುಖ. ಸುಳ್ಳು ಹೇಳಲ್ಲ.

4/7

ಸೆರಿಯಾದಲ್ಲಿ ಆಪಾ ಮನೆ ಹತ್ತಿರ ಒಂದು ಚೀನೀ ಕಾಫಿ ಅಂಗಡಿ. ಅಂಗಡಿಯ ಆಂಟಿಗೆ ಅರವತ್ತು ದಾಟಿರಬೇಕು, ಹೆಸರು ಬೇಡ. ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ. ಅವರ ಅಪ್ಪ ಹುಟ್ಟಿದ್ದೂ ಸೆರಿಯಾದಲ್ಲೇ. ಅಲ್ಲಿ ಎಣ್ಣೆ ಸಿಕ್ಕಿದ್ದು 1929ರಲ್ಲಿ, ಅವರ ಕುಟುಂಬ ಬಂದಿದ್ದು ಅದರ ಹಿಂದೆಯೇ.

ಆಂಟಿಗೆ ಪಾಸ್‌ಪೋರ್ಟ್ ಇಲ್ಲ. ಬ್ರೂನೈಯದೂ ಇಲ್ಲ, ಬೇರೆ ಯಾವ ದೇಶದ್ದೂ ಇಲ್ಲ. ಹೊರಗೆ ಹೋಗಬೇಕಾದರೆ ಗುರುತಿನ ಪತ್ರದ ಥರ ಒಂದು ಸರ್ಟಿಫಿಕೇಟ್ ಪುಸ್ತಕ ಕೊಡ್ತಾರೆ. ಅವರೊಬ್ಬರೇ ಅಲ್ಲ, ಸಾವಿರಾರು ಜನ ಹೀಗೇ ಇದ್ದಾರೆ, ಹೆಚ್ಚಿನವರು ಚೀನೀ ಮೂಲದವರು. ಅಲ್ಲಿನ ಕಾಯ್ದೆ ಪ್ರಕಾರ ಆ ಮಣ್ಣಲ್ಲಿ ಹುಟ್ಟಿದ ಮಾತ್ರಕ್ಕೆ ಪ್ರಜೆ ಆಗಲ್ಲ. ಮಲಯ್ ಮತ್ತು ಕಾಯ್ದೆ ಹೆಸರಿಸಿದ ಕೆಲವು ಮೂಲನಿವಾಸಿ ಗುಂಪುಗಳಿಗೆ ದಾರಿ ಸುಲಭ, ಉಳಿದವರು ಮಲಯ್ ಭಾಷೆ, ಪದ್ಧತಿಯ ಪರೀಕ್ಷೆ ಪಾಸಾಗಬೇಕು. ಇನ್ನೊಂದು: ಪೌರತ್ವ ತಾನಾಗಿ ಬರೋದು ಅಪ್ಪನಿಂದ. ಅಮ್ಮ ಬ್ರೂನೈಯವಳು, ಅಪ್ಪ ಹೊರಗಿನವನು ಆದ್ರೆ ಅರ್ಜಿ ಹಾಕಿ ಕಾಯಬೇಕು.

ನಾನು ಸುಮ್ಮನೆ, "ಕ್ರಿಸ್‌ಮಸ್ ಮಾಡ್ತೀರಾ ಆಂಟಿ?" ಅಂದೆ, ಗೋಡೆ ಮೇಲೆ ಸಣ್ಣ ಶಿಲುಬೆ ಇತ್ತು. ಮನೆಯೊಳಗೆ ಮಾಡಬಹುದು, ಚರ್ಚಿನಲ್ಲಿ ಮಾಡಬಹುದು. ಹೊರಗೆ ಕಾಣೋ ಹಾಗೆ ಮರ, ದೀಪ, ಸಾಂಟಾ ಟೋಪಿ ಇಲ್ಲ, ಹತ್ತು ವರ್ಷದ ಹಿಂದೆ ಅದನ್ನೆಲ್ಲ ನಿಲ್ಲಿಸಿದ್ದಾರೆ. ರಂಜಾನ್ ಹಗಲಲ್ಲಿ ಅವರ ಅಂಗಡಿಯಲ್ಲಿ ಯಾರೂ ಕೂತು ತಿನ್ನೋ ಹಾಗಿಲ್ಲ, ಅವರ ಧರ್ಮದವರೂ ಕೂಡ.

ಇದೆಲ್ಲ ಹೇಳುವಾಗ ಆಂಟಿ ದನಿ ಇಳಿಸಿದ್ರು. ಅಂಗಡಿಯಲ್ಲಿ ನಾವಿಬ್ಬರೇ ಇದ್ದದ್ದು. ಬಾಗಿಲ ಕಡೆ ಒಂದು ಸಲ ನೋಡಿ, ದನಿ ಇಳಿಸಿ, ಕೊನೆಗೆ "ಆದ್ರೆ ತೊಂದ್ರೆ ಏನಿಲ್ಲ, ಎಲ್ಲ ಚೆನ್ನಾಗೇ ಇದೆ" ಅಂತ ಸೇರಿಸಿದ್ರು.

ಆ ದನಿ ನನಗೆ ಗೊತ್ತು. ಬಸ್ಸಿನಲ್ಲಿ ಕೂತಾಗ ಫೋನ್ ಬಂದರೆ ಅಮ್ಮಿ ಸಲಾಂ ಹೇಳೋದು ಅದೇ ದನಿಯಲ್ಲಿ. ಕೊನೆಗೆ ಸೇರಿಸೋ ವಾಕ್ಯವೂ ಅದೇ.

ಹಾಗಾಗಿ ಮೂರನೇ ಪೋಸ್ಟಿನ ನನ್ನ ಸುಖದ ಬಿಲ್ಲು ಎಲ್ಲಿ ಹೋಗ್ತಿತ್ತು ಅಂತ ಗೊತ್ತಾಯ್ತು. ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ "ನೋಡಿ, ಇಸ್ಲಾಮೀ ದೇಶ ಎಷ್ಟು ಶಾಂತ, ಎಷ್ಟು ಸ್ವಚ್ಛ" ಅಂತ ಬ್ರೂನೈ ವಿಡಿಯೋ ಓಡಾಡುತ್ತೆ. ಶಾಂತ ಇದೆ, ಸ್ವಚ್ಛವೂ ಇದೆ, ರಾತ್ರಿ ಹತ್ತಕ್ಕೆ ನಾನು ಆಪಾ ಮಗಳನ್ನ ಕರ್ಕೊಂಡು ಐಸ್‌ಕ್ರೀಂ ತರೋಕೆ ನಡೆದು ಹೋಗಿದ್ದೀನಿ. ಆದರೆ ಮೈನಾರಿಟಿಯಾಗಿ ಬೆಳೆದವರು ಆ ವಿಡಿಯೋನ ಹಾಗೇ ಫಾರ್ವರ್ಡ್ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಬೇರೆ ಯಾರಿಗೆ ಕಾಣದಿದ್ದರೂ ನಮಗೆ ಆ ಆಂಟಿ ಕಾಣಬೇಕು.

5/7

ಬಿಕಾಂ ಓದ್ತಿರೋದ್ರಿಂದ ದುಡ್ಡಿನ ವಿಷಯ ಬಿಡೋಕಾಗಲ್ಲ.

ಹೌದು, ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಜಿಎಸ್‌ಟಿ ಥರದ್ದೂ ಇಲ್ಲ. ಕಂಪನಿಗಳಿಗೆ 18.5%, ಎಣ್ಣೆ ಕಂಪನಿಗಳಿಗೆ 55%. ಪ್ರಜೆಗಳಿಗೆ ಶಾಲೆ ಫ್ರೀ, ಸರ್ಕಾರಿ ಆಸ್ಪತ್ರೆಗೆ ಒಂದು ಡಾಲರ್. ಪೆಟ್ರೋಲ್ ಲೀಟರಿಗೆ ಅರ್ಧ ಡಾಲರ್ ಚಿಲ್ಲರೆ, ನಮ್ಮ ಲೆಕ್ಕದಲ್ಲಿ 35 ರೂಪಾಯಿ ಆಸುಪಾಸು. ಅವರ ಡಾಲರ್ ಮತ್ತು ಸಿಂಗಪುರದ ಡಾಲರ್ ಒಂದಕ್ಕೊಂದು ಸಮ, 1967ರ ಒಪ್ಪಂದ, ಎರಡು ದೇಶದಲ್ಲೂ ಎರಡೂ ನೋಟು ನಡೆಯುತ್ತೆ. ಪರ್ಸಿನಲ್ಲಿ ಎರಡೂ ಕಲಸಿಕೊಂಡು ಇಟ್ಟುಕೊಂಡಿರ್ತಾರೆ. ಅರಮನೆಯಲ್ಲಿ 1,788 ಕೋಣೆ, ಇದೂ ನಿಜ. ಈದ್ ಸಮಯದಲ್ಲಿ ಜನರಿಗೆ ಬಾಗಿಲು ತೆಗೀತಾರೆ, ಊಟ ಹಾಕಿ ಕಳಿಸ್ತಾರೆ.

ಇದೆಲ್ಲ ಯಾರ ದುಡ್ಡು? ನೆಲದ ಕೆಳಗಿನ ಎಣ್ಣೆ ಮತ್ತು ಗ್ಯಾಸು. ಸೆರಿಯಾದಲ್ಲಿ ಮನೆಗಳ ಮಧ್ಯೆ, ರಸ್ತೆ ಪಕ್ಕ, ಎಣ್ಣೆ ಎತ್ತೋ ಯಂತ್ರಗಳು ತಲೆ ಆಡಿಸ್ತಾ ನಿಂತಿರುತ್ತವೆ. ಕೊಕ್ಕರೆ ನೀರು ಕುಡಿದ ಹಾಗೆ, ಹಗಲೂ ರಾತ್ರಿ. (ಏಳನೇ ಫೋಟೋ.)

ಸರ್ಕಾರಕ್ಕೆ ಜನರಿಂದ ದುಡ್ಡು ಬೇಕಾಗಿಲ್ಲ ಅಂದ್ರೆ ಜನರ ಮಾತೂ ಬೇಕಾಗಲ್ಲ. ಇದು ನನ್ನ ಲೆಕ್ಕಾಚಾರ. ಅಲ್ಲಿ ಚುನಾವಣೆ ನಡೆದಿದ್ದು 1962ರಲ್ಲಿ. ಸುಲ್ತಾನರ ಪರ ಇಲ್ಲದ ಪಕ್ಷ ಗೆದ್ದಿತು, ಅದೇ ಡಿಸೆಂಬರಲ್ಲಿ ದಂಗೆ ಆಯ್ತು, ಬ್ರಿಟಿಷ್ ಸೈನ್ಯ ಬಂದು ಅಡಗಿಸಿತು, ತುರ್ತು ಪರಿಸ್ಥಿತಿ ಬಂತು. ಆ ತುರ್ತು ಪರಿಸ್ಥಿತಿಯನ್ನ ಎರಡೆರಡು ವರ್ಷಕ್ಕೆ ಮುಂದುವರಿಸ್ತಾ ಬಂದಿದ್ದಾರೆ. ನಮ್ಮ ಎಮರ್ಜೆನ್ಸಿ 21 ತಿಂಗಳು, ಐವತ್ತು ವರ್ಷ ಆದ್ರೂ ಅದನ್ನ ಮಾತಾಡ್ತೀವಿ. 1967ರಿಂದ ಇರೋ ಸುಲ್ತಾನರೇ ಪ್ರಧಾನಿ, ಅವರೇ ರಕ್ಷಣೆ, ಹಣಕಾಸು, ವಿದೇಶಾಂಗ ಮಂತ್ರಿ.

ನಮ್ಮ ಅಬ್ಬು ದಾವಣಗೆರೆಯಲ್ಲಿ ಸಣ್ಣ ಮಂಡಕ್ಕಿ ಭಟ್ಟಿ ಇಟ್ಟಿದ್ದಾರೆ. 2022ರಲ್ಲಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ 5% ಜಿಎಸ್‌ಟಿ ಬಿದ್ದಾಗ ಅಬ್ಬು ಟೀ ಅಂಗಡಿಯಲ್ಲಿ ನಿಂತು ದಿಲ್ಲಿಯಿಂದ ಹಿಡಿದು ಪಾಲಿಕೆವರೆಗೂ ಎಲ್ಲರನ್ನೂ ಬೈದರು. ಬೈದು ಮನೆಗೆ ಬಂದು ಊಟ ಮಾಡಿ ಮಲಗಿದರು. ಅಷ್ಟೇ. ನಮ್ಮಲ್ಲೂ ಒಂದು ಪೋಸ್ಟಿಗೆ ಕೇಸ್ ಬೀಳುತ್ತೆ ಅಂತ ನನಗೆ ಗೊತ್ತು, ಈ ಸರಣಿ ಹಾಕುವಾಗಲೂ ಅಬ್ಬು "ಬೇಕಾ ಇದು?" ಅಂದ್ರು. ಆದರೂ ತೆರಿಗೆ ಕಟ್ಟೋನ ಬೈಗುಳಕ್ಕೆ ಒಂದು ತೂಕ ಇದೆ. ಬ್ರೂನೈಯಲ್ಲಿ ಸರ್ಕಾರದ ಬಗ್ಗೆ ಕೇಳಿದ್ರೆ ಜನ ಹವಾಮಾನದ ಬಗ್ಗೆ ಮಾತಾಡ್ತಾರೆ.

ಮತ್ತೆ, ಈ ಫ್ರೀ ಎಲ್ಲ ಹಳದಿ ಕಾರ್ಡಿಗೆ. ಪ್ರಜೆಗಳ ಗುರುತಿನ ಚೀಟಿ ಹಳದಿ, ದುಲ್ಹೆಭಾಯಿ ಥರ ಕೆಲಸಕ್ಕೆ ಬಂದವರದ್ದು ಹಸಿರು. ಕಟ್ಟಡ, ಹೋಟೆಲು, ಮನೆಗೆಲಸ ನೋಡಿದ್ರೆ ಬರೀ ಹಸಿರು: ಇಂಡೋನೇಶಿಯಾ, ಫಿಲಿಪ್ಪೀನ್ಸ್, ಬಾಂಗ್ಲಾ, ನಮ್ಮವರು. ಆಪಾ ಹೆರಿಗೆ ಬಿಲ್ ನೋಡಿ ಅಮ್ಮಿ ಕ್ಯಾಲ್ಕ್ಯುಲೇಟರಲ್ಲಿ ಮೂರು ಸಲ ರೂಪಾಯಿಗೆ ಬದಲಾಯಿಸಿ ನೋಡಿದ್ರು. ಮೂರು ಸಲವೂ ಅಷ್ಟೇ ಬಂತು.

6/7

ಸ್ಕಾರ್ಫ್ ಬಗ್ಗೆ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೀತೀನಿ.

2022ರ ಫೆಬ್ರವರಿ 5ರ ಆದೇಶ ಬಂದಾಗ ನಾನು ಫಸ್ಟ್ ಪಿಯುಸಿ. ಮೂರು ದಿನ ರಾಜ್ಯದಲ್ಲೆಲ್ಲ ಕಾಲೇಜು ಮುಚ್ಚಿ, ತೆರೆದ ಮೇಲೆ ಗೇಟಲ್ಲಿ ಸ್ಕಾರ್ಫ್ ತೆಗೆದು ಬ್ಯಾಗಿಗೆ ಹಾಕಿ ಒಳಗೆ ಹೋದವರಲ್ಲಿ ನಾನೂ ಒಬ್ಬಳು. ನನ್ನ ಬೆಂಚಿನವಳು ತೆಗೆಯಲ್ಲ ಅಂದು ಮನೆಗೆ ಹೋದಳು, ಆ ವರ್ಷ ಮತ್ತೆ ಬರಲಿಲ್ಲ. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ಟಿವಿಯಲ್ಲಿ ನನ್ನ ತಲೆ ಬಗ್ಗೆ ಮಾತಾಡದವರೇ ಇರಲಿಲ್ಲ. ನನ್ನನ್ನ ಯಾರೂ ಕೇಳಲಿಲ್ಲ, ನಮ್ಮ ಕಡೆಯ ದೊಡ್ಡವರೂ ಸೇರಿ.

ಬ್ರೂನೈಯಲ್ಲಿ ಅದಕ್ಕೆ ತುಡುಂಗ್ ಅಂತಾರೆ. ಬೀದಿಯಲ್ಲಿ ಹಾಕದವರೂ ಕಾಣ್ತಾರೆ. ಆದರೆ ಮುಸ್ಲಿಂ ಹುಡುಗಿಯರಿಗೆ ಶಾಲೆ ಯೂನಿಫಾರ್ಮಿನಲ್ಲೇ ತುಡುಂಗ್ ಇದೆ, ಶರ್ಟು ಸ್ಕರ್ಟಿನ ಹಾಗೆ. ಆಪಾ ಪಕ್ಕದ ಮನೆ ಹುಡುಗಿ, ಹದಿನೈದು ಹದಿನಾರು ಇರಬಹುದು, ನನ್ನ ಇನ್‌ಸ್ಟಾ ಸ್ಕ್ರೋಲ್ ಮಾಡ್ತಾ ಕಾಲೇಜ್ ಡೇ ಫೋಟೋದಲ್ಲಿ ನಿಂತಳು. ಅದರಲ್ಲಿ ನನ್ನ ತಲೆ ಮೇಲೆ ಏನೂ ಇಲ್ಲ.

"ನಿಮ್ಮಲ್ಲಿ ಬೇಡ ಅನ್ಸಿದಾಗ ತೆಗೀಬಹುದಾ?" ಅಂದಳು. ದನಿಯಲ್ಲಿ ಆಸೆ ಇತ್ತು.

"ನಮ್ಮಲ್ಲಿ ಬೇಕು ಅನ್ಸಿದಾಗಲೂ ತೆಗೀಬೇಕಾಗುತ್ತೆ" ಅಂದೆ.

ಅವಳಿಗೆ ಅರ್ಥ ಆಗ್ಲಿಲ್ಲ. ನಾನು ವಿವರಿಸಿದೆ, ಉಡುಪಿಯಿಂದ ಶುರು ಮಾಡಿ. ಆಮೇಲೆ ಇಬ್ಬರೂ ಸುಮ್ಮನೆ ಕೂತು ಅಂಟಿನುಂಡೆ ತಿಂದ್ವಿ.

ಎರಡೂ ಒಂದೇ ಅಂತ ಹೇಳ್ತಿಲ್ಲ. ಇಲ್ಲಿ ನಾನು ಮನೆಯಲ್ಲಿ, ಬಸ್ಸಲ್ಲಿ, ಮದುವೆಯಲ್ಲಿ ನನಗೆ ಬೇಕಾದ ಹಾಗಿರಬಹುದು. ಅಲ್ಲಿ ಷರಿಯಾ ದಂಡ ಸಂಹಿತೆ ಇದೆ, 2014ರಲ್ಲಿ ಶುರುವಾಗಿ 2019ರಲ್ಲಿ ಪೂರ್ತಿ ಬಂತು, ಕೈ ಕಡಿಯೋದು, ಕಲ್ಲು ಹೊಡೆಯೋದು ಎಲ್ಲ ಬರಹದಲ್ಲಿ ಇದೆ. ಜಗತ್ತು ಗಲಾಟೆ ಮಾಡಿದ ಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ ಮರಣದಂಡನೆ ಜಾರಿ ಮಾಡಲ್ಲ ಅಂತ ಸುಲ್ತಾನರು ಹೇಳಿದ್ದಾರೆ, ಕಾನೂನು ಮಾತ್ರ ಪುಸ್ತಕದಲ್ಲಿದೆ. ಭಯ ಆಗ್ಲಿಲ್ವಾ ಅಂದವರಿಗೆ ಉತ್ತರ: ಹನ್ನೆರಡು ದಿನದ ವಿಸಿಟರಿಗೆ ಭಯ ಆಗಲ್ಲ. ಅಲ್ಲೇ ಹುಟ್ಟಿ, ಸಲಿಂಗಿಯಾಗಿ, ಹದಿನೆಂಟು ದಾಟಿದ ಹುಡುಗನಿಗೆ ಏನಾಗುತ್ತೆ ಅಂತ ಅವನನ್ನ ಕೇಳಬೇಕು. ಅವನು ಹೇಳಲ್ಲ.

ನನ್ನ ತಲೆ ಮೇಲೆ ಏನಿರಬೇಕು ಅನ್ನೋದನ್ನ ಸರ್ಕಾರಿ ಸುತ್ತೋಲೆ ಹೇಳೋದು ನನಗೆ ಬೇಡ. ಸುತ್ತೋಲೆ ಯಾವ ಅಕ್ಷರದಲ್ಲಿದೆ ಅನ್ನೋದು ನನಗೆ ಮುಖ್ಯ ಅಲ್ಲ.

7/7

ಊಟದ ಬಗ್ಗೆ ಕೇಳಿದ್ರಿ, ಅದನ್ನ ಹೇಳಿ ಮುಂದೆ ಹೋಗ್ತೀನಿ. ಅವರ ಮುಖ್ಯ ತಿನಿಸು ಅಂಬುಯಾತ್, ಸಾಗು ಮರದ ಹಿಟ್ಟಿಗೆ ಬಿಸಿನೀರು ಹಾಕಿ ತಿರುವಿದ್ದು. ನೋಡೋಕೆ ಪೋಸ್ಟರ್ ಅಂಟಿಸೋ ಗೋಂದು. ಜೋಡಿ ಬಿದಿರು ಕಡ್ಡಿಗೆ ಸುತ್ತಿ, ಹುಳಿ ಖಾರದಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಎಲ್ಲ ವಿದೇಶಿಯರೂ ಅಗಿದು ಒದ್ದಾಡ್ತಾರಂತೆ. ಅಮ್ಮಿ ಒಂದೇ ಸಲಕ್ಕೆ ನುಂಗಿದ್ರು. ರಾಗಿ ಮುದ್ದೆ ತಿಂದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು "ಅಲ್ಲೇ ಇದ್ಬಿಡಬೇಕಿತ್ತು" ಅಂದವರಿಗೆ. ಅಲ್ಲಿ ಹಾಗೆಲ್ಲ ಇದ್ದುಬಿಡೋಕೆ ಆಗಲ್ಲ ಅಣ್ಣ, ಅವರೂ ಇಟ್ಟುಕೊಳ್ಳಲ್ಲ. ಸೆರಿಯಾ ಆಸ್ಪತ್ರೆ ಕಡೆಯಿಂದ ಮನೆಗೆ ಬಂದ ನನ್ನ ಅಳಿಯ, ಹುಟ್ಟಿ ತಿಂಗಳಾಗದ ಮುಸ್ಲಿಂ ಮಗು, ಮುಸ್ಲಿಂ ದೇಶದಲ್ಲಿ ಹುಟ್ಟಿದವನು, ಅವನಿಗೂ ಸಿಗೋದು ಹಸಿರು ಕಾರ್ಡೇ. ಅವನ ಪಾಸ್‌ಪೋರ್ಟ್ ಫಾರ್ಮ್ ತುಂಬಿದ್ದು ನಾನು. ರಾಷ್ಟ್ರೀಯತೆ ಕಾಲಮ್ಮಿನಲ್ಲಿ ಭಾರತೀಯ ಅಂತ ಬರೆದೆ. ನನ್ನನ್ನ ಎಲ್ಲಿಗೋ ಕಳಿಸೋಕೆ ಹೊರಟವರಿಗೆ ಗೊತ್ತಿರಲಿ, ಧರ್ಮ ನೋಡಿ ದೇಶ ಕೊಡೋ ಕೌಂಟರ್ ಅಲ್ಲೂ ಇಲ್ಲ.

ದುಲ್ಹೆಭಾಯಿ ಕಾಂಟ್ರ್ಯಾಕ್ಟ್ ಮುಂದಿನ ವರ್ಷ ಮುಗಿಯುತ್ತೆ. ಎಣ್ಣೆ ಕಡಿಮೆ ಆಗ್ತಿದೆ, ಅವರ ಹುಡುಗರಿಗೇ ಕೆಲಸ ಸಾಲ್ತಿಲ್ಲ, 2035ರೊಳಗೆ ಎಣ್ಣೆ ಮೇಲಿನ ಅವಲಂಬನೆ ಕಡಿಮೆ ಮಾಡಬೇಕು ಅಂತ ಸರ್ಕಾರವೇ ಯೋಜನೆ ಹಾಕಿಕೊಂಡಿದೆ. ಮುಂದುವರಿಸಬಹುದು, ಮುಂದುವರಿಸದೇ ಇರಬಹುದು. ಆಪಾ ಮಗಳಿಗೆ ಐದು ವರ್ಷ, ಶಾಲೆಗೆ ಹಾಕಬೇಕು. ನಾನು ಹೊರಡೋ ಹಿಂದಿನ ರಾತ್ರಿ ಆಪಾ ಮಗು ಮಲಗಿಸ್ತಾ ಕೇಳಿದಳು: ಇಲ್ಲೇ ಇದ್ರೆ ಇವಳು ಹೆಸರು ಹೇಳೋಕೆ ಹಿಂದೆಮುಂದೆ ನೋಡಲ್ಲ. ಅಲ್ಲಿ ಬಂದ್ರೆ ಗೇಟಲ್ಲಿ ನಿಲ್ಲಿಸ್ತಾರೆ. ನೀನೇ ಹೇಳು, ಎಲ್ಲಿ ಬೆಳೆಸಲಿ?

ಬಾ ಅಂದೆ. ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ, ಮೂರನೇ ಪೋಸ್ಟಲ್ಲಿ ಬರೆದಿದ್ದೀನಿ. ಆದರೆ ಅಲ್ಲಿ ಅವಳು ಚೆನ್ನಾಗಿ ನೋಡಿಕೊಂಡ ಅತಿಥಿ, ಅಪ್ಪನ ಕೆಲಸ ಇರೋವರೆಗೆ. ಇಲ್ಲಿ ಗೇಟಲ್ಲಿ ನಿಲ್ಲಿಸಿದ್ರೆ ಯಾಕೆ ಅಂತ ಕೇಳಬಹುದು, ಕೋರ್ಟಿಗೆ ಹೋಗಬಹುದು, ಸೋಲಬಹುದು, ಮತ್ತೆ ಹೋಗಬಹುದು. 2024ರ ಮೇ 7ಕ್ಕೆ, ಲೋಕಸಭೆ ಚುನಾವಣೆಯಲ್ಲಿ, ನಾನು ಮೊದಲ ಸಲ ವೋಟ್ ಹಾಕಿದೆ, ಸಾಲಲ್ಲಿ ನನ್ನ ಹಿಂದೆ ನಿಂತಿದ್ದು ಅಬ್ಬು ಭಟ್ಟಿಗೆ ಭತ್ತ ಕೊಡೋ ಗೌಡ್ರು. ಸೆರಿಯಾದ ಆಂಟಿಗೆ ಅರವತ್ತು ವರ್ಷಕ್ಕೂ ಆ ಸಾಲು ಸಿಕ್ಕಿಲ್ಲ.

ಆಪಾ ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. "ನಿನಗೆ ಇಪ್ಪತ್ತು ವರ್ಷ, ಮಕ್ಕಳಿಲ್ಲ, ನಿನಗೆ ಹೇಳೋಕೆ ಸುಲಭ" ಅಂದಳು. ಅದೂ ಸರಿಯೇ.

ನಿನ್ನೆ ಫೋನ್ ಮಾಡಿದ್ದಳು. ಭಟ್ಟಿ ಹಿಂದಿನ ಓಣಿಯಲ್ಲಿ ಎರಡು ರೂಮಿನ ಮನೆಗೆ ಈಗ ಬಾಡಿಗೆ ಎಷ್ಟು ನಡೀತಿದೆ ಅಂತ ಕೇಳಿದಳು. ಅಬ್ಬು ವಿಚಾರಿಸ್ತಿದ್ದಾರೆ.